ಏಳು-ಹನ್ನೊಂದು

ಹೋದ ಸಲ ಕಬ್ಬು ಕಡಿದ ಮೇಲೆ ನಮ್ಮ ಬಾಜೂ ಹೊಲದವರು ಬದುವಿನುದ್ದಕ್ಕೂ ಕಲ್ಲುಕಂಬ ಇಳಿಸಿದರು. ತಂತಿ ಬೇಲಿ ಹಾಕುವವರಿದ್ದರು. ಕಂಬ ಹುಗಿಯುವ ಮೊದಲು ಮನೆಗೇ ಬಂದು, 'ಬದು ಇದ್ದಲ್ಲೇ ಹುಗಸ್ತೀನಿ, ನಿಮ್ಮದೇನರ ತಕರಾರ ಇದ್ರ ಈಗ ಹೇಳ್ರಿ' ಅಂದರು. ಚಹಾ ಕುಡಿದು ಹೋದರು. ಆ ಹೊತ್ತಿಗೆ ನಮ್ಮಲ್ಲಿ ಯಾವ ತಕರಾರೂ ಇರಲಿಲ್ಲ. ತಕರಾರು ಹುಟ್ಟಿದ್ದು ಅಂದು ರಾತ್ರಿ, ಅಜ್ಜನ ಟ್ರಂಕಿನಲ್ಲಿ. ಹುಟ್ಟಿಸಿದವನು ನಾನು.

ಹೊಲ ಇರುವುದು ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಗೆ ಹೋಗಿ ಸೇರುವ ಒಂದು ಸಣ್ಣ ಹಳ್ಳದ ಮಗ್ಗುಲಿಗೆ. ಹೆದ್ದಾರಿಯಲ್ಲಿ ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವವರಿಗೆ ಊರು ಗೊತ್ತಿರುತ್ತದೆ. ಹೊಳೆಯೊಳಗಿನ ಗಂಗಾಂಬಿಕೆಯ ಐಕ್ಯಮಂಟಪ ನೋಡಲು ಬಂದವರಿಗೂ ಗೊತ್ತು. ಎರಿ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಇಂಥ ಮಣ್ಣಿನಲ್ಲಿ ಹುಗಿದ ಕಲ್ಲು ನೂರು ವರ್ಷ ನೆಟ್ಟಗೆ ನಿಲ್ಲುವುದಿಲ್ಲ. ವಾಲುತ್ತದೆ, ಇಳಿಯುತ್ತದೆ, ಒಂದು ದಿನ ಕುಂಟೆಗೆ ಸಿಕ್ಕು ಬದುವಿನ ಮೇಲೆ ಹೋಗಿ ಬೀಳುತ್ತದೆ. ಬದುವಾದರೂ ಸ್ಥಿರವೆ? ಉಳುವವನು ವರ್ಷಕ್ಕೆ ಅರ್ಧ ಗೇಣು ಒತ್ತಿದರೆ ಕೇಳುವವರಿಲ್ಲ. ಮೂವತ್ತು ವರ್ಷಕ್ಕೆ ಅದೇ ಎರಡು-ಮೂರು ಸಾಲು ಕಬ್ಬಿಗೆ ಸಾಕಾಗುವಷ್ಟು ನೆಲ.

ಟ್ರಂಕಿನಲ್ಲಿ ಸಿಕ್ಕಿದ್ದು ಬಾಜೂ ಸರ್ವೆ ನಂಬರಿನ ಟಿಪ್ಪಣಿಯ ನಕಲು. ಅದನ್ನು ಅಜ್ಜ ಯಾಕೆ ತೆಗೆಸಿಟ್ಟಿದ್ದನೋ, ಕೇಳಲು ಈಗ ಅಜ್ಜನಿಲ್ಲ. ಟಿಪ್ಪಣಿ ಎಂದರೆ ಮೂಲ ಸರ್ವೆಯವರು ಹೊಲದಲ್ಲಿ ನಿಂತು ಬರೆದುಕೊಂಡ ನಕಾಶೆ. ಓರೆಯಾದ ಒಂದು ಚತುಷ್ಕೋನ, ಮೂಲೆಯಿಂದ ಮೂಲೆಗೆ ಒಂದು ಗೆರೆ. ಗೆರೆಯ ಉದ್ದ 18-0. ನಮ್ಮ ಕಡೆಯ ತುದಿಯಿಂದ 10-0 ನಡೆದು, ಅಲ್ಲಿ ಲಂಬವಾಗಿ ನಮ್ಮ ಹೊಲದತ್ತ ತಿರುಗಿದರೆ 7-11ಕ್ಕೆ ಒಂದು ಮೂಲೆಗಲ್ಲು. ಆಚೆ ಬದಿಗೆ 6-3ಕ್ಕೆ ಇನ್ನೊಂದು. ಇಷ್ಟೇ ಚಿತ್ರ. ಸರಪಳಿ 33 ಅಡಿಯದು ಎಂಬುದು ನನಗೆ ಗೊತ್ತಿತ್ತು. ಅಂಥ ಒಂದು ಚದರ ಸರಪಳಿಗೆ ಒಂದು ಗುಂಟೆ, ಅಂದರೆ 1,089 ಚದರಡಿ. ನಲವತ್ತು ಗುಂಟೆಗೆ ಎಕರೆ. ಹಾಗಾಗಿ 7-11 ಎಂದರೆ 7.11 ಸರಪಳಿ, ಗುಣಿಸಿದರೆ 234 ಅಡಿ ಚಿಲ್ಲರೆ. ಮರುದಿನ ಟೇಪು ಹಿಡಿದು ಹೋದೆ. ಗೆರೆಯ ಎರಡೂ ತುದಿಯ ಕಲ್ಲುಗಳು ಸಿಕ್ಕವು: ಒಂದು ಮೂರು ನಂಬರು ಕೂಡುವ ಕಡೆ, ಇನ್ನೊಂದು ಬಂಡಿದಾರಿಯ ಪಕ್ಕ, ಕುತ್ತಿಗೆಮಟ ಹೂತು. ನಡುವೆ ಹಗ್ಗ ಎಳೆದು ಅಳೆದರೆ ಬದುವಿನ ಮೂಲೆ 255 ಅಡಿಗೂ ಮುಂದಿತ್ತು. ಅಂದರೆ ಅವರು ಮೂಲೆಯಲ್ಲಿ ಇಪ್ಪತ್ತು ಅಡಿ ನಮ್ಮೊಳಗೆ ಬಂದಿದ್ದಾರೆ. ಮೂಲೆಯಲ್ಲಿ ಅಗಲವಾಗಿ, ಗೆರೆಯ ತುದಿಗೆ ಬರುತ್ತ ಶೂನ್ಯವಾಗುವ ಬೆಣೆಯಾಕಾರದ ತುಂಡು. ಲೆಕ್ಕ ಹಾಕಿದೆ. ಸುಮಾರು ಮೂರು ಗುಂಟೆ.

ಒಂದೇ ಸಾಕ್ಷಿಯನ್ನು ನೆಚ್ಚಬಾರದೆಂಬ ಎಚ್ಚರ ನನಗೂ ಇತ್ತು. ಅದಕ್ಕೇ ನಮ್ಮ ಹೊಲವನ್ನೂ ಅಳೆದೆ. ಖರೇದಿ ಪತ್ರದಲ್ಲಿ 4 ಎಕರೆ 2 ಗುಂಟೆ ಎಂದಿದೆ. ಟೇಪಿಗೆ ಸಿಕ್ಕಿದ್ದು 3 ಎಕರೆ 39. ಕಡಿಮೆ ಬಿದ್ದದ್ದು ಎಷ್ಟು? ಮೂರು ಗುಂಟೆ! ಬೇರೆ ಬೇರೆ ದಾರಿಯಿಂದ ಹೊರಟ ಎರಡು ಲೆಕ್ಕ ಒಂದೇ ಮನೆಯ ಬಾಗಿಲಿಗೆ ಬಂದು ನಿಂತರೆ ಯಾರು ತಾನೆ ಅನುಮಾನಿಸುತ್ತಾರೆ? ಸಂಜೆಯೇ ಹೋಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಬದುವಿನ ಮೇಲಿನ ಕತ್ತಾಳಿ ಸಾಲಿನತ್ತ ಕೈ ತೋರಿಸಿದರು. 'ಅದನ್ನ ಹಚ್ಚಿದಾವ ನಿಮ್ಮಜ್ಜ. ನಮ್ಮಪ್ಪ ನೀರ ಹಾಕಿದ್ದ. ತನ್ನ ಹೊಲದಾಗ ಇಪ್ಪತ್ತ ಫೂಟ ಒಳಗ ಬಂದು ಹಚ್ಚಿದ್ನೇನು?' ಕಂಬಗಳು ಬದುವಿನ ಮೇಲೆ ಮಲಗಿಯೇ ಉಳಿದವು.

ಕತ್ತಾಳಿಯ ಮಾತು ನನ್ನನ್ನು ಕೊರೆಯಿತು. ಅದು ಬರೀ ಬಾಯಿಮಾತು, ಕಾಗದ ನನ್ನ ಕೈಯಲ್ಲಿದೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಬಾಯಿಮಾತಿಗಿಂತ ಕಾಗದ ಹೆಚ್ಚು ಎಂಬುದನ್ನು ನಾನು ಎಲ್ಲಿಂದ ಕಲಿತೆ? ನಮ್ಮೂರಿಗೆ ಕೂಗಳತೆಯ ಕಿತ್ತೂರಿನದೊಂದು ಶಾಸನವಿದೆ, 12ನೆಯ ಶತಮಾನದ ಕೊನೆಯದು, ಗೋವೆ ಕದಂಬರ ಮೂರನೆಯ ಜಯಕೇಶಿಯ ಕಾಲದ್ದು. ಶಿವಶಕ್ತಿ, ಕಲ್ಯಾಣಶಕ್ತಿ ಎಂಬ ಇಬ್ಬರು ಆಚಾರ್ಯರ ನಡುವೆ ಒಂದು ಹೊಲದ ವ್ಯಾಜ್ಯ. ಅದು ಫಾಲದಿವ್ಯದಲ್ಲಿ ಮುಗಿಯಿತು. ಫಾಲ ಎಂದರೆ ನೇಗಿಲ ಗುಳ. ಅದನ್ನು ಕೆಂಪಗೆ ಕಾಯಿಸಿ, ಕೈಯಲ್ಲಿ ಹಿಡಿದು, ದೇವರ ಮುಂದೆ ಆಣೆ ಇಡಬೇಕು. ಮರುದಿನ ಕೈ ನೋಡಿ ಹೊಲ ಯಾರದೆಂದು ತೀರ್ಮಾನಿಸಿದರು. ಇದನ್ನು ಓದಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. 1867ರಲ್ಲಿ ಮುಂಬೈ ಸರಕಾರದ ಕಂದಾಯ ಶಾಖೆಗೆ ನೌಕರಿಗೆ ಬಂದವರು. ಹೊಲಗಳ ತಕರಾರು ಅವರಿಗೆ ಹೊಸದಾಗಿರಲಿಕ್ಕಿಲ್ಲ. ಶಾಸನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಾದ ಗುಳವಲ್ಲ, ಒಂದು ರಾತ್ರಿಯ ಬಿಡುವು. ಸಾಕ್ಷಿಯನ್ನು ಕೂಡಲೇ ಓದಲಿಲ್ಲ. ಬೊಬ್ಬೆ ಏಳುತ್ತದೋ ಇಲ್ಲವೋ, ಕಾದು ನೋಡಿದರು. ನಾನು ಒಂದು ರಾತ್ರಿಯೂ ಕಾದಿರಲಿಲ್ಲ.

ಆ ಶಾಸನಕ್ಕೆ ಕೆಲವು ತಲೆಮಾರು ಹಿಂದೆ, ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ ಮಿತಾಕ್ಷರೆಯನ್ನು ಬರೆದಿದ್ದ. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಸೀಮಾವಿವಾದಕ್ಕೇ ಒಂದು ಪ್ರಕರಣವಿದೆ. ಎಲ್ಲೆ ಹಿಡಿಯಲು ಏನೇನು ನೋಡಬೇಕೆಂದರೆ ದಿಬ್ಬ, ಇದ್ದಿಲು, ಹೊಟ್ಟು, ಮರ, ಒಡ್ಡು, ಹುತ್ತ, ತಗ್ಗು, ಎಲುಬು. ಮನುಸ್ಮೃತಿಯೂ ಗುಟ್ಟಾಗಿ ಹೂಳುವ ಗುರುತುಗಳ ಪಟ್ಟಿ ಕೊಡುತ್ತದೆ: ಬೂದಿ, ಬೋಕಿ, ಒಣಗಿದ ಸಗಣಿ, ಹರಳು, ಮರಳು. ಬೇಗ ಕೊಳೆಯದ, ಯಾರೂ ಕದಿಯದ ವಸ್ತುಗಳು. ಉಪಾಯ ಒಪ್ಪುವಂಥದ್ದೇ. ಓದಿದ ಹುಮ್ಮಸ್ಸಿನಲ್ಲಿ ನಾನೂ ನನ್ನ 234 ಅಡಿಯ ಬಿಂದುವಿನಲ್ಲಿ ಸಲಿಕೆ ಹಾಕಿದೆ. ಮೊಳದಾಳಕ್ಕೆ ಇದ್ದಿಲ ಚೂರು ಸಿಕ್ಕಿತು! ಕೈ ನಡುಗಿದ್ದು ನಿಜ. ಆಮೇಲೆ ಬುದ್ಧಿ ಬಂದು ಹತ್ತು ಮಾರು ಆಚೆ, ಎಲ್ಲೆಗೆ ಸಂಬಂಧವೇ ಇಲ್ಲದ ಕಡೆ ಅಗೆದೆ. ಅಲ್ಲಿಯೂ ಇದ್ದಿಲು. ಕಬ್ಬಿನ ರವದಿ ಸುಟ್ಟ ಹೊಲದಲ್ಲಿ ಇದ್ದಿಲು ಎಲ್ಲಿ ಸಿಗುವುದಿಲ್ಲ? ಎರಡನೆಯ ಗುಂಡಿ ತೋಡದೆ ಹೋಗಿದ್ದರೆ ಮೊದಲನೆಯದನ್ನು ಈಗಲೂ ಸಾಕ್ಷಿ ಎಂದೇ ಹೇಳಿಕೊಂಡು ತಿರುಗುತ್ತಿದ್ದೆ.

ಸರಕಾರಿ ಅಳತೆಯಿಂದ ಎಲ್ಲೆ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕುವ ಮೊದಲು ಎಲ್ಲ ಕಾಗದ ಒಟ್ಟು ಮಾಡಬೇಕೆಂದು ಹೊರಟೆ. ಹುಡುಕಾಟದ ಮೊದಲ ತೊಡಕು ಊರಿನ ಹೆಸರೇ. ಈಗ ನಮ್ಮದು ಕಿತ್ತೂರು ತಾಲೂಕು, ನಿನ್ನೆಮೊನ್ನೆಯವರೆಗೆ ಬೈಲಹೊಂಗಲ, ಅದಕ್ಕೂ ಹಿಂದೆ ಸಂಪಗಾವಿ. ಬೆಳಗಾವಿ ಜಿಲ್ಲೆ ಬೇರೆಯಾದದ್ದೇ 1836ರಲ್ಲಿ. ಅದಕ್ಕೆ ಮೊದಲಿನದನ್ನು ಧಾರವಾಡದ ಹೆಸರಿನಲ್ಲಿ ಹುಡುಕಬೇಕು. ಊರು ಕೆಲವು ಕಾಗದದಲ್ಲಿ ಮುಗುಟಖಾನ ಹುಬ್ಬಳ್ಳಿ, ಕೆಲವದರಲ್ಲಿ ಬರೀ ಹುಬ್ಬಳ್ಳಿ. 'ಮು'ದಲ್ಲಿ ಸಿಗದ್ದನ್ನು 'ಹು'ದಲ್ಲಿ ನೋಡಬೇಕು.

ಟ್ರಂಕಿನ ತಳದಲ್ಲಿ ಮೋಡಿ ಲಿಪಿಯ ಒಂದು ಹಾಳೆಯಿತ್ತು. ಆಸೆಯೆಲ್ಲ ಅದರ ಮೇಲೆ. ಮೋಡಿ ಓದುವವರು ನಮ್ಮ ಭಾಗದಲ್ಲಿ ಈಗ ಬೆರಳೆಣಿಕೆಯಷ್ಟು. ಒಬ್ಬ ಹಿರಿಯರನ್ನು ಹುಡುಕಿ ಮೂರು ಸಲ ಅಲೆದೆ. ಕಡೆಗೆ ಅವರು ಕನ್ನಡಕ ಒರೆಸಿಕೊಂಡು ಓದಿ ಹೇಳಿದ್ದು: ಯಾರಿಗೋ ಕೊಟ್ಟ ಜೋಳದ ಲೆಕ್ಕ, ಎರಡು ಚೀಲ ಬಾಕಿ. ಬಾಕಿ ಯಾರದೆಂಬುದು ಮಾತ್ರ ಹಾಳೆ ಮಡಿಚಿದಲ್ಲಿ ಹರಿದು ಹೋಗಿತ್ತು.

ಖರೇದಿ ಪತ್ರ ಇನ್ನೊಂದು ಬಗೆಯ ತಲೆನೋವು. ಅದರಲ್ಲಿ ಎರಡು ಮಾತುಗಳಿವೆ. ಕ್ಷೇತ್ರ 4 ಎಕರೆ 2 ಗುಂಟೆ, ಇದು ಒಂದು. ಚಕ್‌ಬಂದಿ ಹೇಳುವಾಗ ಮೂಡಣಕ್ಕೆ ಬಾಜೂದವರ ಬದು, ಇದು ಇನ್ನೊಂದು. ಇವೆರಡಕ್ಕೂ ತಾಳೆ ಬೀಳದಿದ್ದರೆ? ಎಲ್ಲೆ ಸ್ಪಷ್ಟವಿದ್ದಾಗ ಸಾಮಾನ್ಯವಾಗಿ ಎಲ್ಲೆಯೇ ಗೆಲ್ಲುತ್ತದೆ, ಅಳತೆ ಸೋಲುತ್ತದೆ ಎನ್ನುತ್ತಾರೆ ವಕೀಲರು. ಎಂದರೆ, ಬದು ಅಂದು ಎಲ್ಲಿತ್ತೋ ಅಲ್ಲಿಯವರೆಗೆ ಮಾತ್ರ ಅಜ್ಜ ಕೊಂಡದ್ದು. ಅಂದು ಬದು ಎಲ್ಲಿತ್ತು? ಸುತ್ತಿ ಬಳಸಿ ಮತ್ತೆ ಕತ್ತಾಳಿಗೇ ಬಂದೆ. 1963ರ ಲಿಮಿಟೇಶನ್ ಕಾಯ್ದೆಯ ಹನ್ನೆರಡು ವರ್ಷದ ಸ್ವಾಧೀನದ ಮಾತನ್ನೂ ವಕೀಲರು ಎತ್ತಿದರು. ಅದನ್ನು ಕೇಳಿಸಿಕೊಳ್ಳಲು ಆಗ ನನಗೆ ಮನಸ್ಸಿರಲಿಲ್ಲ.

ಕೊನೆಗೆ ಕೈಗೆ ಬಂದದ್ದು ಬಾಜೂ ನಂಬರಿನ ಆಕಾರಬಂದ್. ಅದರಲ್ಲಿ ಕ್ಷೇತ್ರ 3 ಎಕರೆ 5 ಗುಂಟೆ, 125 ಗುಂಟೆ. ಆಕಾರಬಂದ್ ಹುಟ್ಟಿದ್ದು ಯಾರ ಹೊಲ ಯಾವುದು ಎಂದು ಹೇಳಲು ಅಲ್ಲ, ಯಾವ ಹೊಲಕ್ಕೆ ಎಷ್ಟು ಆಕಾರ, ಅಂದರೆ ಕಂದಾಯ, ಎಂದು ಹೇಳಲು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಸಹಿ ಮಾಡಿದ 1847ರ ಜಂಟಿ ವರದಿಯ ಸರ್ವೆಪದ್ಧತಿಯಲ್ಲಿ ನಂಬರಿನ ಗಾತ್ರವನ್ನೇ ಒಂದು ಜೋಡೆತ್ತು ಸಾಗಿಸಬಲ್ಲಷ್ಟು ಎಂದು ಎಣಿಸಿದ್ದರು. ಹಕ್ಕಿನ ದಾಖಲೆ ಎಂಬುದು ಮುಂಬೈ ಪ್ರಾಂತದಲ್ಲಿ ಕಾಯ್ದೆಯಾಗಿ ಬಂದದ್ದು ಅದಾಗಿ ಅರ್ಧ ಶತಮಾನದ ಮೇಲೆ, 1903ರಲ್ಲಿ. ಕಂದಾಯಕ್ಕೆಂದು ಎಳೆದ ಗೆರೆಯ ಮೇಲೆ ನಾವು ಒಡೆತನವನ್ನು ತಂದು ಕೂರಿಸಿದ್ದೇವೆ. ಹಾಗೆಂದು ಗೆರೆ ಸುಳ್ಳಾಗುವುದಿಲ್ಲ. ಆದರೆ ಅದು ಯಾವ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಎಂಬುದನ್ನು ಮರೆತು ಓದಬಾರದು.

ಕಂದಾಯದ ಲೆಕ್ಕವಾದ್ದರಿಂದ ಕ್ಷೇತ್ರವನ್ನಾದರೂ ಸರಿಯಾಗಿ ಗುಣಿಸಿರಬೇಕಲ್ಲ? ಟಿಪ್ಪಣಿಯ ಅಂಕಿಗಳಿಂದ ನಾನೇ ಗುಣಿಸಿ ನೋಡಿದೆ. ಎರಡು ಲಂಬಗಳನ್ನು ಕೂಡಿಸಿ, ಮೂಲ ಗೆರೆಯಿಂದ ಗುಣಿಸಿ, ಅರ್ಧ ಮಾಡಬೇಕು. 7.11ಕ್ಕೆ 6.03 ಕೂಡಿದರೆ 13.14, ಅದನ್ನು 9ರಿಂದ ಗುಣಿಸಿದರೆ 118.26 ಗುಂಟೆ. ದಾಖಲೆಯಲ್ಲಿ 125. ಆರು ಗುಂಟೆಗೂ ಮಿಕ್ಕಿದ ವ್ಯತ್ಯಾಸ. ಟಿಪ್ಪಣಿ ತಪ್ಪೋ, ಆಕಾರಬಂದ್ ತಪ್ಪೋ? ಒಂದೇ ಸರ್ವೆಯ ಎರಡು ಕಾಗದ ಜಗಳವಾಡುತ್ತಿವೆ. ತಪ್ಪು ನನ್ನದಿರಬಹುದು ಎಂಬ ಮೂರನೆಯ ಸಾಧ್ಯತೆ ಪಟ್ಟಿಯಲ್ಲಿ ಇರಲೇ ಇಲ್ಲ.

ನಕಲುಗಾರನ ಕೈತಪ್ಪಿರಬೇಕು ಎಂದುಕೊಂಡು ಅಕ್ಕಪಕ್ಕದ ಆರು ನಂಬರುಗಳ ಟಿಪ್ಪಣಿಗಳನ್ನೂ ತೆಗೆಸಿದೆ. ಯಾವ ಅಂಕಿ ಯಾವುದರಂತೆ ಕಾಣುತ್ತದೆ, ಒಂದು ಏಳಾಗಿದೆಯೆ, ಐದು ಮೂರಾಗಿದೆಯೆ ಎಂದು ನೋಡಲು ಎಲ್ಲವನ್ನೂ ಒಂದು ನೋಟ್‌ಬುಕ್ಕಿಗೆ ಎರಡು ಕಾಲಂ ಮಾಡಿ ಇಳಿಸಿದೆ. ಎಡಕ್ಕೆ ಅಡ್ಡಗೆರೆಯ ಹಿಂದಿನ ಅಂಕಿ, ಬಲಕ್ಕೆ ಮುಂದಿನದು. ರಾತ್ರಿ ಕರೆಂಟು ಹೋಗಿ ಮೊಬೈಲಿನ ಬೆಳಕಿನಲ್ಲಿ ಕೂತಿದ್ದಾಗ ಬಲದ ಕಾಲಂ ಮೇಲಿಂದ ಕೆಳಕ್ಕೆ ಕಣ್ಣಾಡಿಸಿದೆ. 11, 3, 8, 14, 0, 5, 15, 9, 2, 12... ನಲವತ್ತಕ್ಕೂ ಹೆಚ್ಚು ಅಂಕಿ. ಹದಿನೈದರ ಮೇಲೆ ಒಂದೂ ಇಲ್ಲ. ಹದಿನಾರು ಇಲ್ಲ, ಇಪ್ಪತ್ತೇಳಿಲ್ಲ, ಅರವತ್ತಿಲ್ಲ. ನೂರು ಪಾಲಿನ ದಶಾಂಶವಾಗಿದ್ದರೆ ಬಲದ ಕಾಲಂ ತೊಂಬತ್ತೊಂಬತ್ತರವರೆಗೆ ಚೆಲ್ಲಾಡಬೇಕಿತ್ತು. ಇದು ಹದಿನಾರಕ್ಕೆ ಮಗುಚಿಕೊಳ್ಳುವ ಲೆಕ್ಕ. ಸರಪಳಿಗೆ ಹದಿನಾರು ಪಾಲು. ಆಣೆ!

ಇದನ್ನು ಹಳೆಯ ಭೂಮಾಪಕರಲ್ಲಿ ಯಾರನ್ನು ಕೇಳಿದ್ದರೂ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ. ಕಾಲೇಜಿನಲ್ಲಿ ಓದಿದ ಗಂಟರ್ ಸರಪಳಿ 66 ಅಡಿಯದು, ನೂರು ಕೊಂಡಿಯದು. ಇದು ಅದರ ಅರ್ಧ ಎಂದು ಗೊತ್ತಿದ್ದವನು ಪಾಲು ಮಾತ್ರ ಅದರಂತೆಯೇ ನೂರು ಎಂದುಕೊಂಡಿದ್ದೆ. ಅರೆಬರೆ ತಿಳಿದವನ ತಪ್ಪಿದು. ಏನೂ ತಿಳಿಯದವನು ಕೇಳಿರುತ್ತಿದ್ದ.

ಆದರೂ ಆಣೆ ಎಂದ ಕೂಡಲೇ ಒಪ್ಪಿಕೊಳ್ಳುವಂತಿರಲಿಲ್ಲ. ಆ ಸರ್ವೆಯಲ್ಲಿ ಆಣೆ ಎಂಬ ಒಂದೇ ಮಾತಿಗೆ ನಾಲ್ಕು ಕೆಲಸ. ರೂಪಾಯಿಗೆ ಹದಿನಾರು ಆಣೆ, ಸರಪಳಿಗೆ ಹದಿನಾರು ಆಣೆ, ಗುಂಟೆಗೆ ಹದಿನಾರು ಆಣೆ, ಮಣ್ಣಿನ ದರ್ಜೆಗೂ ಆಣೆ. 7-11ರ ಹನ್ನೊಂದು ಮಣ್ಣಿನದಾಗಿದ್ದರೆ? ಜಂಟಿ ವರದಿಯ ದರ್ಜೆಗಳು ಒಂಬತ್ತು: 16, 14, 12, 10, 8, 6, 4½, 3, 2. ಇದರಲ್ಲಿ ಹನ್ನೊಂದಿಲ್ಲ. ಇಡೀ ಹೊಲದ ಸರಾಸರಿ ತೆಗೆದರೆ ಹನ್ನೊಂದು ಬರಬಹುದು, ನಿಜ. ಆದರೆ ಸರಾಸರಿಯನ್ನು ಒಂದೊಂದು ಗೆರೆಯ ಪಕ್ಕಕ್ಕೂ ಬರೆಯುವುದಿಲ್ಲ. ಗುಣಿಸಿಯೇ ನೋಡಬೇಕು. ಏಳು ಸರಪಳಿ ಹನ್ನೊಂದು ಆಣೆ ಎಂದರೆ 7.6875. ಆರು ಸರಪಳಿ ಮೂರು ಆಣೆ ಎಂದರೆ 6.1875. ಕೂಡಿದರೆ 13.875. ಒಂಬತ್ತರಿಂದ ಗುಣಿಸಿದರೆ 124.875 ಗುಂಟೆ. 3 ಎಕರೆ 4 ಗುಂಟೆ 14 ಆಣೆ. ಆಕಾರಬಂದ್‌ನವರು ಆಣೆಯನ್ನು ಸುತ್ತು ಮಾಡಿ 5 ಗುಂಟೆ ಎಂದು ಬರೆದಿದ್ದಾರೆ. ಎರಡು ಕಾಗದಗಳ ಜಗಳ ಅಲ್ಲಿಗೆ ಮುಗಿಯಿತು. ಅವು ಜಗಳವಾಡಿಯೇ ಇರಲಿಲ್ಲ.

7.6875 ಸರಪಳಿ ಎಂದರೆ 253 ಅಡಿ 8 ಇಂಚು. ನಾನು ಹೊರಿಸಿದ ಇಪ್ಪತ್ತು ಅಡಿಯಲ್ಲಿ ಹತ್ತೊಂಬತ್ತು ಅಡಿ ಒಂದೇ ಗುಣಾಕಾರಕ್ಕೆ ಕರಗಿತು.

ಹಾಗಾದರೆ ನಮ್ಮ ಹೊಲದಲ್ಲಿ ಕಡಿಮೆ ಬಿದ್ದ ಮೂರು ಗುಂಟೆ? ಅದು ಸ್ವತಂತ್ರ ಸಾಕ್ಷಿಯಾಗಿತ್ತಲ್ಲ? ನಮ್ಮ ಹೊಲದ ಹಕ್ಕಿನ ದಾಖಲೆಯಾದ ಉತಾರವನ್ನು ತೆಗೆದು ನೋಡಿದೆ. ಒಟ್ಟು ಕ್ಷೇತ್ರ 4-2. ಅದರ ಕೆಳಗಿನ ಮನೆಯಲ್ಲಿ, ಇಷ್ಟು ವರ್ಷ ಯಾರೂ ನೋಡದ ಸಾಲಿನಲ್ಲಿ, ಫೂಟ್ ಖರಾಬು 0-3. ಹಳ್ಳದ ದಂಡೆಯ ಲಕ್ಕಿ ಪೊದೆಯ ನೆಲ. ಉಳುಮೆಗೆ ಬಾರದ್ದೆಂದು ಆಕಾರ ಬಿಟ್ಟಿದ್ದರು. ಉಳುಮೆಗೆ ಬಾರದ್ದೆಂದೇ ನಾನೂ ಟೇಪು ಹಿಡಿದಾಗ ಆ ಕಡೆ ಇಳಿದಿರಲಿಲ್ಲ. ಒಂದು ತಪ್ಪು ಓದು, ಒಂದು ಬಿಟ್ಟುಹೋದ ಅಳತೆ. ಎರಡಕ್ಕೂ ಸಂಬಂಧವಿಲ್ಲ. ಆದರೂ ಎರಡೂ ಕೂಡಿ ಒಬ್ಬ ಮನುಷ್ಯನ ಮೇಲೆ ಒಂದೇ ಸಾಕ್ಷಿ ನುಡಿದಿದ್ದವು. ಈ ಹುಡುಕಾಟದಲ್ಲಿ ನನ್ನನ್ನು ಈಗಲೂ ಹೆದರಿಸುವುದು ಇದೇ. ಸಾಕ್ಷಿಗಳು ಹೊಂದಿಕೊಂಡಾಗ ನಾನು ಅಳೆಯುವುದನ್ನು ನಿಲ್ಲಿಸಿದೆ. ಹೊಂದದೆ ಹೋದದ್ದರಿಂದಲೇ ಹದಿನಾರು ಕಣ್ಣಿಗೆ ಬಿತ್ತು.

ಉಳಿದದ್ದು ಒಂದೂವರೆ ಅಡಿ. ಬದುವಿನ ನಡುಮಧ್ಯ 255 ಅಡಿ 2 ಇಂಚಿಗಿದೆ, ಟಿಪ್ಪಣಿ ಹೇಳುವುದು 253 ಅಡಿ 8 ಇಂಚು. ಹದಿನೆಂಟು ಇಂಚು ಈಗಲೂ ನಮ್ಮತ್ತ. ಒತ್ತುವರಿಯೆ? ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಇಂಚು. ಅದಕ್ಕಿಂತ ಸಣ್ಣದನ್ನು ಸರ್ವೆಯವರು ಬರೆಯಲಿಲ್ಲ. ಹತ್ತಿರದ ಆಣೆಗೆ ಕೂಡಿಸಿದರು ಇಲ್ಲವೆ ಬಿಟ್ಟರು. ಅಲ್ಲಿಗೇ ಅತ್ತಿತ್ತ ಒಂದಡಿಯ ಅನುಮಾನ. ಕಬ್ಬಿಣದ ಸರಪಳಿ ಎಳೆದೆಳೆದು ಕೊಂಡಿ ಸವೆದು ಉದ್ದವಾಗುತ್ತದೆ. ಒಂದೇ ಇಂಚು ಜಗ್ಗಿದ್ದರೂ ಏಳೂಮುಕ್ಕಾಲು ಸರಪಳಿಗೆ ಏಳೂಮುಕ್ಕಾಲು ಇಂಚು. ಎರಡೂ ಸೇರಿ ಇಪ್ಪತ್ತು ಇಂಚಾಯಿತು. ನಮ್ಮ ವ್ಯಾಜ್ಯವೇ ಹದಿನೆಂಟು ಇಂಚಿನದು. ಈಗ ಉಪಗ್ರಹದ ನೆರವಿನ ರೋವರ್ ತಂದು ಬೆರಳಗಲದ ನಿಖರತೆಗೆ ಅಳೆಯಬಹುದು. ಆದರೆ ಅದು ಅಳೆಯುವುದು ಇಂದಿನ ಕಲ್ಲನ್ನು. ಅಂದಿನವರು ಆಣೆಗೆ ಸುತ್ತು ಮಾಡಿ ಕಳೆದದ್ದನ್ನು ಯಾವ ಉಪಗ್ರಹವೂ ಹುಡುಕಿಕೊಡಲಾರದು. ಉತಾರದ ನಮೂದು ಬೇರೆ ರುಜುವಾತಾಗುವವರೆಗೆ ನಿಜ ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 133ನೆಯ ಕಲಮು. ಸರಿ. ಆದರೆ ಉತಾರದಲ್ಲಿ ಗುಂಟೆ ಇದೆ, ಇಂಚಿಲ್ಲ.

ಭಾನುವಾರ ನೋಟ್‌ಬುಕ್ಕು, ಎರಡೂ ನಕಲು ಹಿಡಿದು ಅವರ ಮನೆಗೆ ಹೋದೆ. ಅವರು ಎರಡು ಕಾಲಂ ಅನ್ನೂ ಬೆರಳಿಟ್ಟು ನಿಧಾನ ಓದಿದರು. ಲೆಕ್ಕ ಅವರಿಗೆ ನನಗಿಂತ ಬೇಗ ತಿಳಿಯಿತು. ಜೋಳವನ್ನು ಸೇರಿನ ಆಣೆಪಾಲಿನಲ್ಲಿ ಅಳೆಯುತ್ತಿದ್ದ ಮನೆ ಅದು. ನಾನು ತಪ್ಪೊಪ್ಪಿಕೊಂಡೆ. ಅವರು ಆ ಮಾತನ್ನು ಬೆಳೆಸಲಿಲ್ಲ.

'ಹಂಗಾದ್ರ ಈ ಒಂದೂವರಿ ಫೂಟ ಯಾರದು?' ಅಂದರು.

'ಕಾಗದಕ್ಕ ಗೊತ್ತಿಲ್ಲ' ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನನ್ನು ಕರೆದು, ಕಂಬದ ಗುಂಡಿ ಎಲ್ಲಿ ತೆಗೆಯಬೇಕೆಂದು ಹೇಳಿದರು. ಕತ್ತಾಳಿ ಸಾಲಿನಿಂದ ತಮ್ಮ ಕಡೆ ಒಂದು ಮೊಳ ಬಿಟ್ಟು. ಕತ್ತಾಳಿ ಕಡಿಯಬೇಡ ಎಂದೂ ಸೇರಿಸಿದರು.